ಮಗುವಿನ ಮನಸ್ಸಿನ ಮಾತ್ರೆ ಎಲ್ಲಿ ತಗೊಳ್ಳೋದು? ಲೆಕ್ಕ ಬರೆಯುವವಳ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಇದು ಡಾಕ್ಟರುಗಳ ವಿಮರ್ಶೆ ಅಲ್ಲ. ಔಷಧಿ ಕೊಡುವ ಕೌಂಟರುಗಳ ವಿಮರ್ಶೆ. ಮನಸ್ಸಿನ ಕಾಯಿಲೆಗೆ ಮಾತ್ರೆ ತಿನ್ನುವ ಮಗು ಮನೆಯಲ್ಲಿದ್ದರೆ ತಿಂಗಳಿಗೊಮ್ಮೆ ಯಾವುದೋ ಒಂದು ಕೌಂಟರಿನ ಮುಂದೆ ನಿಲ್ಲಲೇಬೇಕು. ಎಲ್ಲಿ ನಿಂತರೆ ದುಡ್ಡು ಉಳಿಯುತ್ತದೆ, ಎಲ್ಲಿ ನಿಂತರೆ ಮರ್ಯಾದೆ ಉಳಿಯುತ್ತದೆ, ಎರಡನ್ನೂ ಬರೆಯುತ್ತೇನೆ.

ನಾನು ಅಂಗಡಿಗಳಿಗೆ ಲೆಕ್ಕ ಬರೆಯುವವಳು. ಜಿಎಸ್‌ಟಿ ರಿಟರ್ನ್, ಬಿಲ್ಲು, ವೋಚರು, ಇದೇ ನನ್ನ ಹೊಟ್ಟೆಪಾಡು. ನನ್ನ ಜೊತೆ ಇರುವುದು ತಂಗಿಯ ಮಗಳು, ಏಳನೇ ಕ್ಲಾಸು. ತಂಗಿ ಈಗಿಲ್ಲ. ಹುಡುಗಿಯ ಅಪ್ಪ ಅವಳನ್ನು ಬೆಲ್ಟಿನಲ್ಲಿ ಹೊಡೆಯುತ್ತಿದ್ದ, ರೂಮಿಗೆ ತಳ್ಳಿ ಹೊರಗಿನಿಂದ ಚಿಲಕ ಹಾಕುತ್ತಿದ್ದ. ಪಕ್ಕದ ಮನೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಮಕ್ಕಳ ಕಲ್ಯಾಣ ಸಮಿತಿ ಅವಳನ್ನು ನನ್ನ ಸುಪರ್ದಿಗೆ ಕೊಟ್ಟಿತು. ಇದಕ್ಕಿಂತ ಜಾಸ್ತಿ ಬರೆಯಲ್ಲ. ಊರಿನ ಹೆಸರೂ ಹೇಳಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇಂಥ ಮಕ್ಕಳ ಗುರುತು ಪ್ರಕಟಿಸಬಾರದು ಅನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ ಬಿಡಿ.

ಅವಳಿಗೆ ಬರೆದುಕೊಟ್ಟದ್ದು ಎರಡು ಔಷಧಿ. ಒಂದು ಫ್ಲೂಆಕ್ಸೆಟಿನ್, ಖಿನ್ನತೆ, ಆತಂಕಕ್ಕೆ ಕೊಡುವ ಕ್ಯಾಪ್ಸೂಲು. ಇನ್ನೊಂದು ರಿಸ್ಪೆರಿಡೋನ್, ವಿಪರೀತ ಸಿಟ್ಟು, ಕೆರಳುವುದನ್ನು ತಗ್ಗಿಸಲು ಕೊಡುವ ಮಾತ್ರೆ, ಸಣ್ಣ ಡೋಸು, ಸ್ವಲ್ಪ ಕಾಲಕ್ಕೆ ಮಾತ್ರ ಅಂದರು. ರಾತ್ರಿ ಚೀರಿಕೊಂಡು ಏಳುತ್ತಿದ್ದಳು. ಯಾರಾದರೂ ಸುಮ್ನೆ ಫ್ಯಾನ್ ಸ್ವಿಚ್ ಹಾಕಲು ಕೈ ಎತ್ತಿದರೂ ತಲೆ ಮುಚ್ಚಿಕೊಳ್ಳುತ್ತಿದ್ದಳು. ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಇದನ್ನು ಓದಿ ನಿಮ್ಮ ಮಗುವಿಗೂ ಇದೇ ಮಾತ್ರೆ ಅಂತ ಅಂಗಡಿಗೆ ಓಡಬೇಡಿ. ಡಾಕ್ಟರ ಚೀಟಿ ಇಲ್ಲದೆ ಇವನ್ನು ಕೊಡುವಂತೆಯೂ ಇಲ್ಲ.

ಮೊದಲು ಹೋದದ್ದು ಮನೆ ಹತ್ತಿರದ ಮೆಡಿಕಲ್ ಶಾಪಿಗೆ. ಹೆಸರು ಬೇಡ. ಚೀಟಿ ನೋಡಿದ ಹುಡುಗ ಒಳಗಿದ್ದವನಿಗೆ ಕೂಗಿ ಕೇಳಿದ, "ತಲೆ ಮಾತ್ರೆ ಡಬ್ಬ ಎಲ್ಲೋ?" ಆಮೇಲೆ ನನ್ನ ಕಡೆ ತಿರುಗಿ, "ಯಾರಿಗಮ್ಮಾ ಇದು?" ಅಂದ. ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಹಿಂದೆ ಅವಳ ಸ್ಕೂಲಿನ ವ್ಯಾನ್ ಡ್ರೈವರ್ ಕೆಮ್ಮಿನ ಸಿರಪ್ಪಿಗೆ ಕಾಯುತ್ತಿದ್ದ. ನನಗೇ ಅಂದೆ. ತಿಂಗಳ ಮಾತ್ರೆಗೆ 250 ರೂಪಾಯಿ ಹತ್ತಿರ ಆಯಿತು. ಬಿಲ್ ಕೇಳಿದರೆ ಕ್ಯಾಲೆಂಡರ್ ಹಾಳೆಯ ಹಿಂಭಾಗದಲ್ಲಿ "ಮೆಡಿಸಿನ್" ಅಂತ ಬರೆದು ಮೊತ್ತ ಹಾಕಿ ಕೊಟ್ಟ. ಔಷಧಿ ಹೆಸರಿಲ್ಲ, ಬ್ಯಾಚ್ ನಂಬರಿಲ್ಲ, ತಾರೀಕೂ ಇಲ್ಲ. ಲೆಕ್ಕ ಬರೆಯುವವಳ ಕೈಗೆ ಇಂಥ ಚೀಟಿ ಕೊಟ್ಟರೆ ಹೇಗಿರುತ್ತದೆ, ನೀವೇ ಊಹಿಸಿಕೊಳ್ಳಿ. ಒಂದು ಸ್ಟಾರ್. ಅದೂ ರಾತ್ರಿ ಹತ್ತರವರೆಗೆ ಬಾಗಿಲು ತೆರೆದಿರುತ್ತದೆ ಅನ್ನುವುದಕ್ಕೆ.

ಎರಡನೆಯದು ಜನೌಷಧಿ ಕೇಂದ್ರ. ಈ ವಿಮರ್ಶೆ ಬರೆಯಲು ಕೂತದ್ದೇ ಇದರ ಬಗ್ಗೆ ಹೇಳಲು.

ಇದು ಕೇಂದ್ರ ಸರ್ಕಾರದ ಯೋಜನೆ, ಶುರುವಾದದ್ದು 2008ರಲ್ಲಿ. ಬ್ರ್ಯಾಂಡ್ ಹೆಸರಿಲ್ಲದ ಜನರಿಕ್ ಔಷಧಿ, ಬೆಲೆ ಅರ್ಧಕ್ಕಿಂತ ಕಡಿಮೆ. ಬಿಪಿ, ಶುಗರ್ ಮಾತ್ರೆ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮನಸ್ಸಿನ ಮಾತ್ರೆಯೂ ಸಿಗುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ನನಗೂ ಹೇಳಿದ್ದು ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತ ಹೆಂಗಸು. ಜನೌಷಧಿ ಸುಗಮ್ ಅಂತ ಒಂದು ಆ್ಯಪ್ ಇದೆ. ಅದರಲ್ಲಿ ಔಷಧಿಯ ಹೆಸರು ಹಾಕಿದರೆ ಬೆಲೆ ಬರುತ್ತದೆ, ಹತ್ತಿರದ ಕೇಂದ್ರ ಎಲ್ಲಿದೆ ಅಂತಲೂ ಬರುತ್ತದೆ. ಹುಡುಕುವಾಗ ಬ್ರ್ಯಾಂಡ್ ಹೆಸರು ಹಾಕಬೇಡಿ, ಚೀಟಿಯಲ್ಲಿರುವ ಮೂಲ ಔಷಧಿಯ ಹೆಸರು ಹಾಕಿ. ಡಾಕ್ಟರು ಬ್ರ್ಯಾಂಡ್ ಮಾತ್ರ ಬರೆದಿದ್ದರೆ, "ಸರ್, ಜನರಿಕ್ ಹೆಸರೂ ಕೆಳಗೆ ಬರೆಯಿರಿ" ಅಂತ ಕೇಳಿ. ಬರೆಯುತ್ತಾರೆ. ಕೇಳುವುದಕ್ಕೆ ನಮಗೇ ಸಂಕೋಚ, ಅಷ್ಟೇ.

ನಮ್ಮ ಬಸ್‌ಸ್ಟ್ಯಾಂಡ್ ಹಿಂದಿನ ಕೇಂದ್ರದಲ್ಲಿ ಅದೇ ಎರಡು ಔಷಧಿ, ಅದೇ ಡೋಸು, ಇಡೀ ತಿಂಗಳಿಗೆ 100 ರೂಪಾಯಿ ಒಳಗೆ. ಕಂಪ್ಯೂಟರ್ ಬಿಲ್ಲು. ಔಷಧಿ ಹೆಸರು, ಬ್ಯಾಚು, ಎಕ್ಸ್‌ಪೈರಿ, ಡಾಕ್ಟರ ಹೆಸರು, ತೆರಿಗೆ, ಎಲ್ಲ ಬೇರೆ ಬೇರೆ ಸಾಲಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ ಔಷಧಿಗಳ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಆ 5 ಸರಿಯಾಗಿ ಕೂತಿತ್ತು. ಇಂಥದ್ದು ನೋಡಿ ಖುಷಿಪಡುವವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಕೌಂಟರಿನಲ್ಲಿರುವ ಫಾರ್ಮಸಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ. ದನಿ ಏರಿಸುವುದಿಲ್ಲ. ಮಾತ್ರೆಯ ಪಟ್ಟಿ ಕತ್ತರಿಸುವಾಗ ಎಕ್ಸ್‌ಪೈರಿ ತಾರೀಕು ಇರುವ ತುದಿಯನ್ನು ಬಿಟ್ಟು ಇನ್ನೊಂದು ತುದಿಯಿಂದ ಕತ್ತರಿಸುತ್ತಾಳೆ, ತಾರೀಕು ಇರುವ ತುಂಡನ್ನೇ ನಮಗೆ ಕೊಡುತ್ತಾಳೆ. ನಿಮ್ಮ ಅಂಗಡಿಯವರು ಹೇಗೆ ಕತ್ತರಿಸುತ್ತಾರೆ ಅಂತ ಒಮ್ಮೆ ಗಮನಿಸಿ. ಅಂಗಡಿಯ ಗುಣ ಅಲ್ಲೇ ಗೊತ್ತಾಗುತ್ತದೆ.

ಆ ಫಾರ್ಮಸಿಸ್ಟಿಗೆ ನಾನು ಐದು ಸ್ಟಾರ್ ಕೊಡುವುದು ಇನ್ನೊಂದು ಕಾರಣಕ್ಕೆ. ಒಂದು ತಿಂಗಳು ಕ್ಯಾಪ್ಸೂಲಿನ ಬಣ್ಣ ಬದಲಾಗಿತ್ತು. ಜನರಿಕ್ ಔಷಧಿಯಲ್ಲಿ ಇದು ಮಾಮೂಲು, ತಯಾರಿಸುವ ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ನಮಗೆ ನಿಮಗೆ ಏನೂ ಅಲ್ಲ. ನಮ್ಮ ಹುಡುಗಿ ಮಾತ್ರೆ ನುಂಗಲು ಬಾಯಿ ತೆರೆಯಲಿಲ್ಲ. "ಇದು ಬೇರೆ" ಅಂದಳು. ಮೂಸಿ ನೋಡಿದಳು, ಬೆಳಕಿಗೆ ಹಿಡಿದಳು, ವಾಪಸ್ ತಟ್ಟೆಯಲ್ಲಿಟ್ಟಳು. ಅವಳ ಅಪ್ಪನ ಮನೆಯಲ್ಲಿ ಸೋಮವಾರ ತಪ್ಪಲ್ಲದ್ದು ಮಂಗಳವಾರ ತಪ್ಪಾಗುತ್ತಿತ್ತು. ನಿನ್ನೆ ಸರಿಯಿದ್ದ ಚಪ್ಪಲಿ ಇಡುವ ಜಾಗ ಇವತ್ತು ಹೊಡೆತಕ್ಕೆ ಕಾರಣ. ಹಾಗಾಗಿ ಯಾವುದೇ ಬದಲಾವಣೆ ಅಂದರೆ ಅವಳ ಮೈಗೆ ಅದು ಅಪಾಯದ ಗಂಟೆ. ಎರಡು ದಿನ ಗೋಗರೆದೆ, ಆಗಲಿಲ್ಲ. ಈ ಮಾತ್ರೆ ಥಟ್ಟನೆ ನಿಲ್ಲಿಸಬಾರದು ಅಂತ ಡಾಕ್ಟರು ಹೇಳಿದ್ದರಿಂದ ನನಗೆ ಭಯ. ಕೊನೆಗೆ ಅವಳನ್ನೇ ಕೇಂದ್ರಕ್ಕೆ ಕರಕೊಂಡು ಹೋದೆ.

ಫಾರ್ಮಸಿಸ್ಟ್ ಹಳೆ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಗಾಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಸ್ಟೂಲು ಹಾಕಿ ಹುಡುಗಿಯನ್ನು ಕೂರಿಸಿದಳು. "ನೀನೇ ಓದು, ಎರಡರಲ್ಲೂ ಒಂದೇ ಹೆಸರಿದೆಯಾ ನೋಡು" ಅಂದಳು. ಹುಡುಗಿ ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದಿದಳು. ಫ್ಲೂಆಕ್ಸೆಟಿನ್, 20 ಮಿಲಿಗ್ರಾಂ. ಆಮೇಲೆ ಅದರಲ್ಲೂ ಇದರಲ್ಲೂ ಬ್ಯಾಚ್ ನಂಬರ್ ಬೇರೆ ಯಾಕಿದೆ ಅಂತ ಕೇಳಿದಳು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಆ ಹೆಣ್ಣುಮಗಳು ಅವಸರ ಮಾಡಲಿಲ್ಲ, ಬ್ಯಾಚು ಅಂದರೆ ಏನು ಅಂತ ಹೇಳಿದಳು. ಅವತ್ತು ರಾತ್ರಿ ನಮ್ಮ ಹುಡುಗಿ ಮಾತ್ರೆ ನುಂಗಿದಳು. ಈಗ ಪ್ರತಿ ತಿಂಗಳು ಪಟ್ಟಿ ಬಂದ ಕೂಡಲೇ ಓದಿ ಪಾಸು ಮಾಡುವ ಕೆಲಸ ಅವಳದ್ದೇ.

ಒಂದು ಮಾತು. ಜನೌಷಧಿ ಪಟ್ಟಿಯಲ್ಲಿ ಎಲ್ಲ ಔಷಧಿ, ಎಲ್ಲ ಡೋಸು ಇರುವುದಿಲ್ಲ. ಮಾತ್ರೆ ಮುಗಿಯಲು ವಾರ ಇರುವಾಗಲೇ ಫೋನ್ ಮಾಡಿ ಕೇಳಿಕೊಳ್ಳಿ. ನಾನು ಹಾಗೇ ಮಾಡುವುದು.

ಮೂರನೆಯದು ಪುಕ್ಕಟೆ ಕೌಂಟರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 18ನೇ ಸೆಕ್ಷನ್ ಒಮ್ಮೆ ಓದಿ. ಅಗತ್ಯ ಔಷಧಿ ಪಟ್ಟಿಯಲ್ಲಿರುವ ಮನೋರೋಗದ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು ಅಂತ ಬರೆದಿದೆ. 2022ರ ರಾಷ್ಟ್ರೀಯ ಪಟ್ಟಿಯಲ್ಲಿರುವ 384 ಔಷಧಿಗಳಲ್ಲಿ ಫ್ಲೂಆಕ್ಸೆಟಿನ್ ಇದೆ, ರಿಸ್ಪೆರಿಡೋನ್ ಕೂಡ ಇದೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಐಡಿಯಾ ಚಿನ್ನದಂಥದ್ದು. ನಾನು ಹೋದ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ಸಿಕ್ಕರು, ಚೆನ್ನಾಗಿ ನೋಡಿದರು, ಕೌಂಟರಿನಲ್ಲಿ ಮಾತ್ರೆ ಇರಲಿಲ್ಲ. "ಮುಂದಿನ ವಾರ ಬನ್ನಿ" ಅಂದರು. ಮುಂದಿನ ವಾರ ಹದಿನೈದು ದಿನದ ಮಾತ್ರೆ ಕೊಟ್ಟರು. ಮಾತ್ರೆಗೆ ದುಡ್ಡು ಕೊಡಲಿಲ್ಲ ನಿಜ, ಆದರೆ ಎರಡು ಅರ್ಧ ದಿನದ ಕೆಲಸ ಹೋಯಿತು, ಹುಡುಗಿಗೆ ಎರಡು ದಿನದ ಸ್ಕೂಲು ಹೋಯಿತು. ನನ್ನ ಪುಸ್ತಕದಲ್ಲಿ ಇದು ಜನೌಷಧಿಗಿಂತ ದುಬಾರಿ ಬಿತ್ತು. ದಿನಗೂಲಿ ಮಾಡುವವರಿಗೆ ಇನ್ನೂ ದುಬಾರಿ. ಮಾತ್ರೆ ಖಾಯಂ ಇರುವ ಆಸ್ಪತ್ರೆ ನಿಮ್ಮ ಹತ್ತಿರ ಇದ್ದರೆ ಮಾತ್ರ ನನ್ನ ಈ ಲೆಕ್ಕ ಮರೆತುಬಿಡಿ, ಅಲ್ಲಿಗೇ ಹೋಗಿ.

2025ರಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಿಸಲು ರಾಜ್ಯ ಸರ್ಕಾರ ಹೊರಟಿತ್ತು, ಒಳಗೆ ಉಚಿತವಾಗಿ ಕೊಡುವಾಗ ಬಾಗಿಲಲ್ಲಿ ಮಾರಾಟ ಯಾಕೆ ಅಂತ. ವಿಷಯ ಹೈಕೋರ್ಟಿಗೂ ಹೋಯಿತು. ವಾದದಲ್ಲಿ ತಿರುಳಿಲ್ಲ ಅನ್ನಲ್ಲ. ಆದರೆ ಒಳಗೆ ಸಿಗದ ದಿನ ನಮ್ಮಂಥವರು ಎಲ್ಲಿಗೆ ಹೋಗಬೇಕು?

ಇನ್ನು ನಿಮ್ಹಾನ್ಸ್. ಹುಡುಗಿಯ ಮಾತ್ರೆ ಶುರುವಾದದ್ದು ಅಲ್ಲಿ. "ಮಗೂನ ನಿಮ್ಹಾನ್ಸಿಗಾ?" ಅಂತ ನನ್ನ ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ನಮ್ಮ ಕಡೆ ಅದು ಇನ್ನೂ ಬೈಗುಳ ಅಲ್ವಾ. 1974ರಲ್ಲಿ ಆ ಸಂಸ್ಥೆ ಆದದ್ದು, ಇವತ್ತಿಗೂ ಹೊಸೂರು ರಸ್ತೆಯ ಹೆಸರೆತ್ತಿದರೆ ಕೆಲವರು ಮುಖ ಒಂಥರಾ ಮಾಡುತ್ತಾರೆ. ಅಲ್ಲಿ ಮಕ್ಕಳಿಗೆಂದೇ ಬೇರೆ ವಿಭಾಗ ಇದೆ. ಹಿಂಸೆಗೆ ಸಿಕ್ಕ ಮಕ್ಕಳಿಗಾಗಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ ನಡೆಸುವ ಸಂವಾದ್ ಅನ್ನುವ ಕಾರ್ಯಕ್ರಮವೂ ಅದೇ ವಿಭಾಗದಲ್ಲಿದೆ. ಖರ್ಚು ಕಡಿಮೆ, ಬಿಪಿಎಲ್ ಕಾರ್ಡ್ ಇದ್ದವರಿಗೆ ಇನ್ನೂ ಕಡಿಮೆ. ಬಸ್ಸಿಗೂ ದುಡ್ಡಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ನನ್ನದೊಂದು ಆಧಾರ್, ಅವಳದ್ದೊಂದು ಆಧಾರ್ ತೋರಿಸಿದರೆ ಝೀರೋ ಟಿಕೆಟ್. ರಾಜಹಂಸಕ್ಕೆ ನಡೆಯಲ್ಲ, ಕೆಂಪು ಬಸ್ಸು ಹತ್ತಬೇಕು. ಆದರೆ ಇಡೀ ದಿನ ಬೇಕು. ಬೆಳಗಿನ ಜಾವ ಹೊರಟರೆ ವಾಪಸ್ ಬರುವುದು ಕತ್ತಲಾದ ಮೇಲೆ. ಊಟದ ಡಬ್ಬಿ, ಬಣ್ಣದ ಪೆನ್ಸಿಲು, ಹಳೆ ಚೀಟಿಗಳ ಫೈಲು ಮೂರೂ ಮರೆಯಬೇಡಿ.

ಅಲ್ಲಿ ನನಗೆ ಹಿಡಿಸಿದ್ದು ಮಾತ್ರೆಗಿಂತ ಮೊದಲು ಆದ ಕೆಲಸ. ಅವಳ ಹತ್ತಿರ ಒಬ್ಬರೇ ಮಾತಾಡಿದರು, ಗೊಂಬೆ ಇಟ್ಟುಕೊಂಡು, ಚಿತ್ರ ಬರೆಸಿ. ನನ್ನ ಹತ್ತಿರ ಬೇರೆ ಕೂತು ಮಾತಾಡಿದರು. ಯಾವ ಮಾತ್ರೆ ಯಾಕೆ, ಏನು ಗಮನಿಸಬೇಕು ಅಂತ ಕನ್ನಡದಲ್ಲೇ ಬಿಡಿಸಿ ಹೇಳಿದರು. ಫ್ಲೂಆಕ್ಸೆಟಿನ್ ಶುರು ಮಾಡಿದ ಮೊದಲ ವಾರಗಳಲ್ಲಿ ಮಗು ತುಂಬಾ ಚಡಪಡಿಸಿದರೆ, ಸಾಯುವ ಮಾತಾಡಿದರೆ ತಕ್ಷಣ ಕರಕೊಂಡು ಬನ್ನಿ ಅಂದರು. ಈ ಗುಂಪಿನ ಮಾತ್ರೆಗಳ ಮೇಲೆ ಮಕ್ಕಳ ವಿಷಯದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಬೇಕು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಹೇಳಿದೆ. ಇದನ್ನು ಯಾವ ಮೆಡಿಕಲ್ ಶಾಪಿನವರೂ ನಿಮಗೆ ಹೇಳಲ್ಲ. ಮುಖ್ಯವಾದ ಇನ್ನೊಂದು ಮಾತು ಹೇಳಿದರು: ಭಯ ಹೋಗಿಸುವುದು ಥೆರಪಿಯ, ಅಂದರೆ ಕೂರಿಸಿ ಮಾತಾಡಿಸಿ ಮಾಡುವ ಚಿಕಿತ್ಸೆಯ ಕೆಲಸ, ಮಾತ್ರೆ ಅವಳು ಥೆರಪಿಯಲ್ಲಿ ಕೂರುವಷ್ಟು ನಿದ್ದೆ ಕೊಡುತ್ತದೆ.

ಥೆರಪಿ. ನಮ್ಮ ಪುಸ್ತಕದ ದೊಡ್ಡ ಖರ್ಚು ಇದೇ.

ವಾರವಾರ ಬೆಂಗಳೂರಿಗೆ ಹೋಗಲು ಆಗಲ್ಲ. ನಮ್ಮೂರ ಹತ್ತಿರ ಮಕ್ಕಳಿಗೆ ಥೆರಪಿ ಮಾಡುವವರು ಸಿಕ್ಕಿದ್ದು ಒಬ್ಬರು, ಮುಕ್ಕಾಲು ಗಂಟೆಗೆ 1,200 ರೂಪಾಯಿ. ಒಂದು ಸಿಟ್ಟಿಂಗಿನ ದುಡ್ಡಿನಲ್ಲಿ ಜನೌಷಧಿಯಲ್ಲಿ ಒಂದು ವರ್ಷದ ಮಾತ್ರೆ ಬರುತ್ತದೆ. ಇದರ ಪರಿಣಾಮ ಏನು ಗೊತ್ತಾ? ದುಡ್ಡಿಲ್ಲದ ಮನೆಯಲ್ಲಿ ಮಾತ್ರೆ ಮುಂದುವರಿಯುತ್ತದೆ, ಥೆರಪಿ ನಿಲ್ಲುತ್ತದೆ. ಯಾರೂ ಬೇಕೂಂತ ಮಾಡುವುದಲ್ಲ. ಅಗ್ಗದ್ದು ಉಳಿಯುತ್ತದೆ, ಅಷ್ಟೇ. ಆರೋಗ್ಯ ವಿಮೆ ಇದ್ದರೂ ಹೊರರೋಗಿ ವಿಭಾಗದ ಖರ್ಚು ಸಾಮಾನ್ಯವಾಗಿ ಕೊಡಲ್ಲ. ಮಕ್ಕಳ ರಕ್ಷಣೆಗೆ ಕೇಂದ್ರ ಸರ್ಕಾರದ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಪಟ್ಟಣದಲ್ಲಿ ಮನೆಯ ವರ್ಷದ ಆದಾಯ 96,000 ರೂಪಾಯಿ ಮೀರಬಾರದು, ಹಳ್ಳಿಯಲ್ಲಿ 72,000. ನನ್ನದು ಮೀರುತ್ತದೆ. ನಿಮ್ಮದು ಮೀರದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ, ಬಿಡಬೇಡಿ.

ಆಡಿಟ್ ವರದಿ ಓದುವ ಚಟ ನನಗೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ನಮ್ಮ ಸಿಎಜಿ ಥರದ್ದು ಅಮೆರಿಕದಲ್ಲಿ ಜಿಎಒ ಅಂತ ಇದೆ. ಅದು 2011ರಲ್ಲಿ ಐದು ರಾಜ್ಯಗಳ ಲೆಕ್ಕ ತೆಗೆದು ನೋಡಿತು. ಸರ್ಕಾರದ ಆರೈಕೆಯಲ್ಲಿ, ಬೇರೆಯವರ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಮನೋರೋಗದ ಔಷಧಿ ಕೊಡುವ ಪ್ರಮಾಣ, ಅದೇ ಸರ್ಕಾರಿ ವಿಮೆಯ ಬೇರೆ ಮಕ್ಕಳಿಗಿಂತ 2.7ರಿಂದ 4.5 ಪಟ್ಟು ಜಾಸ್ತಿ ಇತ್ತು. ಆ ಮಕ್ಕಳಲ್ಲಿ ಎಷ್ಟೋ ಜನ ಮನೆಯಲ್ಲಿ ಹೊಡೆತ ತಿಂದು, ಅನ್ನ ಕಾಣದೆ ಬಂದವರು. ಕಾಯಿಲೆಯೂ ಅವರಲ್ಲಿ ಜಾಸ್ತಿ, ಒಪ್ಪೋಣ. ಆದರೂ ಒಂದು ವರ್ಷ ತುಂಬದ ಕೂಸುಗಳ ಹೆಸರಲ್ಲೂ ಇಂಥ ಔಷಧಿ ಬಿಲ್ ಆಗಿತ್ತು. ಅದನ್ನು ಓದಿದ ಮೇಲೆ ನಾನು ಪ್ರತಿ ಸಲ ಡಾಕ್ಟರ ಹತ್ತಿರ ಕೇಳುವ ಪ್ರಶ್ನೆ ಒಂದೇ, "ರಿಸ್ಪೆರಿಡೋನ್ ಇನ್ನೂ ಬೇಕಾ?" ಅವರು ಬೇಸರ ಮಾಡಿಕೊಳ್ಳಲ್ಲ. ಈಗ ಡೋಸು ಇಳಿದಿದೆ.

ಆ ಮಾತ್ರೆಗೆ ಹಸಿವು ಜಾಸ್ತಿ. ಕೆಲವೇ ತಿಂಗಳಲ್ಲಿ ಸ್ಕೂಲಿನ ಸ್ಕರ್ಟು ಸೊಂಟಕ್ಕೆ ಬಾರದಾಯಿತು. ಟೈಲರಮ್ಮ ಎರಡೂ ಕಡೆಯ ಹೊಲಿಗೆ ಬಿಚ್ಚಿ ಒಳಗಿದ್ದ ಬಟ್ಟೆಯೆಲ್ಲ ಬಿಟ್ಟುಕೊಟ್ಟಳು. ಹಳೆ ಹೊಲಿಗೆಯ ಗುರುತು ಗೆರೆಯ ಹಾಗೆ ಎದ್ದು ಕಾಣುತ್ತಿತ್ತು, ಹುಡುಗಿ ಅದನ್ನು ಕೈಯಲ್ಲಿ ಮುಚ್ಚಿಕೊಂಡು ಸ್ಕೂಲಿಗೆ ಹೋಗುತ್ತಿದ್ದಳು. ಕೊನೆಗೆ ಹೊಸ ಯೂನಿಫಾರ್ಮ್ ತಂದೆ. ತೂಕ, ಶುಗರು, ಕೊಬ್ಬು ಆಗಾಗ ನೋಡಿಸಬೇಕು. ಹೊರಗೆ ಲ್ಯಾಬಿನಲ್ಲಿ ಮಾಡಿಸಿದರೆ ರಕ್ತ ಪರೀಕ್ಷೆಯ ಒಂದು ಬಿಲ್ಲು ಹಲವು ತಿಂಗಳ ಮಾತ್ರೆಯ ಬೆಲೆ ಮೀರುತ್ತದೆ. ಸರ್ಕಾರಿ ಲ್ಯಾಬಿನಲ್ಲೇ ಮಾಡಿಸಿ. ಔಷಧಿಯ ಬೆಲೆ ಅಂದರೆ ಮಾತ್ರೆಯ ಪಟ್ಟಿ ಮೇಲೆ ಅಚ್ಚಾಗಿರುವುದಷ್ಟೇ ಅಂತ ಯಾರಾದರೂ ಅಂದರೆ ನನ್ನ ಪುಸ್ತಕ ತೋರಿಸುತ್ತೇನೆ.

ಫೋನ್ ಸೇವೆಗೂ ಎರಡು ಸಾಲು. ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ನಂಬರ್ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ರಾತ್ರಿ ಅವಳು ಒಮ್ಮೆ ತಗೊಂಡದ್ದು ಮರೆತು ಡೋಸನ್ನು ಎರಡು ಸಲ ತಗೊಂಡಳಾ ಅಂತ ಅನುಮಾನ ಬಂತು. ಫೋನ್ ಮಾಡಿದೆ. ಆ ಕಡೆಯವರು ಗಾಬರಿ ಮಾಡಿಸದೆ, ಪಟ್ಟಿಯಲ್ಲಿ ಎಷ್ಟು ಉಳಿದಿದೆ ಎಣಿಸಿ ಹೇಳಿ ಅಂದರು. ಎಣಿಸಿದೆ, ಸರಿಯಾಗಿತ್ತು. ನಾಲ್ಕೂವರೆ ಸ್ಟಾರ್.

ಇಷ್ಟೆಲ್ಲ ಲೆಕ್ಕ ಯಾರ ತಲೆ ಮೇಲೆ ಅನ್ನುವುದು ನನ್ನ ಕೊನೆಯ ಮಾತು. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಒಂದು ಅಧ್ಯಯನ ಹೊರತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದವರು. ಮನೆಯೊಳಗೆ ಹೊಡೆತ ತಿಂದವರಲ್ಲಿ ಶೇಕಡ 88.6 ಮಕ್ಕಳಿಗೆ ಹೊಡೆದದ್ದು ಅಪ್ಪ ಅಮ್ಮನೇ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ದೊಡ್ಡವರನ್ನು ಇಟ್ಟುಕೊಂಡು ಮಾಡಿದ ಇನ್ನೊಂದು ಅಧ್ಯಯನ ಇದೇ 2007ರಲ್ಲಿ ಬಂತು. ಚಿಕ್ಕವರಿದ್ದಾಗ ಐದು ಅಥವಾ ಹೆಚ್ಚು ಬಗೆಯ ಹಿಂಸೆ, ಸಂಕಟ ಕಂಡವರಿಗೆ ಮನೋರೋಗದ ಔಷಧಿ ಬರೆಯುವುದು, ಏನೂ ಕಾಣದವರಿಗಿಂತ ಸುಮಾರು ಮೂರು ಪಟ್ಟು. ಹೊಡೆತ ನಿಂತು ಎಷ್ಟೋ ವರ್ಷವಾದ ಮೇಲೂ ಬಿಲ್ಲು ಬರುತ್ತಲೇ ಇದೆ. ಹೊಡೆದವನ ಹೆಸರಿಗೆ ಮಾತ್ರ ಬರುವುದಿಲ್ಲ.

ನಮ್ಮ ಹುಡುಗಿಯ ಅಪ್ಪ ಆರಾಮಾಗಿ ಸಂಬಳ ತಗೊಳ್ಳುತ್ತಿದ್ದಾನೆ. ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಬಿಎನ್‌ಎಸ್‌ಎಸ್‌ನ 144ನೇ ಸೆಕ್ಷನ್, ಹಿಂದಿನ ಸಿಆರ್‌ಪಿಸಿ 125, ಪ್ರಕಾರ ಮಗುವಿನ ಪರವಾಗಿ ಜೀವನಾಂಶಕ್ಕೆ ಅರ್ಜಿ ಹಾಕಿದ್ದೇವೆ. ಲಾಯರು ಮೊದಲ ದಿನವೇ ಕೇಳಿದ್ದು, "ಬಿಲ್ ಇದೆಯಾ?" ಅದಕ್ಕೇ ನಾನು ಕಂಪ್ಯೂಟರ್ ಬಿಲ್ಲಿಗೆ ಇಷ್ಟು ಜೀವ ಬಿಡುವುದು. ಜನೌಷಧಿಯ ಬಿಲ್ಲುಗಳು, ನಿಮ್ಹಾನ್ಸ್ ರಸೀದಿ, ಥೆರಪಿಯ ರಸೀದಿ, ಲ್ಯಾಬಿನದ್ದು, ಯೂನಿಫಾರ್ಮಿನದ್ದು, ಎಲ್ಲ ತಾರೀಕು ಪ್ರಕಾರ ಫೈಲಿನಲ್ಲಿವೆ. ಆ ಕ್ಯಾಲೆಂಡರ್ ಹಾಳೆಯ ಚೀಟಿಯನ್ನು ಮಾತ್ರ ಲಾಯರು ವಾಪಸ್ ಕೊಟ್ಟರು. ಹಾಗಾಗಿ ಆ 250 ರೂಪಾಯಿ ಅಪ್ಪನಿಂದ ವಸೂಲಾಗಲ್ಲ. ಔಷಧಿ ಎಲ್ಲೇ ತಗೊಳ್ಳಿ, ಮಗುವಿನ ಹೆಸರಿನಲ್ಲಿ ಸರಿಯಾದ ಬಿಲ್ಲು ಕೇಳಿ ತಗೊಳ್ಳಿ. ಥರ್ಮಲ್ ಕಾಗದದ ಬಿಲ್ಲಾದರೆ ಅವತ್ತೇ ಒಂದು ಜೆರಾಕ್ಸ್ ಮಾಡಿಸಿ, ಆರು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ.